ಸಿಲ್ವಿ ಫ್ರೆಶೆಟ್

ಫ್ರೆಶೆಟ್, ಸಿಲ್ವಿ: ಕೆನಡದ ಸಿಂಕ್ರೊನೈಸ್ಡ್ ಈಜುಗಾರ್ತಿ, ತರಬೇತುಗಾರ್ತಿ. ಹುಟ್ಟಿದ್ದು 1967ರ ಜೂನ್ 27ರಂದು, ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರದಲ್ಲಿ. 1986 ಮತ್ತು 1990ರ ಕಾಮನ್‌ವೆಲ್ತ್ ಕ್ರೀಡಾಕೂಟಗಳಲ್ಲಿ ಸೋಲೊ ಚಿನ್ನ, 1991ರಲ್ಲಿ ಸೋಲೊ ವಿಶ್ವ ಚಾಂಪಿಯನ್ ಪಟ್ಟ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸೋಲೊ ಚಿನ್ನ, 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ತಂಡದ ಬೆಳ್ಳಿ ಇವರ ಮುಖ್ಯ ಸಾಧನೆಗಳು. ಬಾರ್ಸಿಲೋನಾದ ಚಿನ್ನ ಇವರ ಕೈಸೇರಿದ್ದು ಸ್ಪರ್ಧೆ ಮುಗಿದು 16 ತಿಂಗಳಾದ ಮೇಲೆ. ತೀರ್ಪುಗಾರ್ತಿಯೊಬ್ಬರು ಅಂಕ ದಾಖಲಿಸುವ ಯಂತ್ರದಲ್ಲಿ 9.7ರ ಬದಲು 8.7 ಒತ್ತಿಬಿಟ್ಟಿದ್ದರು. ಅದನ್ನು ತಿದ್ದಲು ಯಾರೂ ಒಪ್ಪಲಿಲ್ಲ, ಫ್ರೆಶೆಟ್ 0.131 ಅಂಕದಿಂದ ಎರಡನೆಯ ಸ್ಥಾನಕ್ಕೆ ಇಳಿದರು.

ಫ್ರೆಶೆಟ್ ಹೆಸರು ಬಂದಲ್ಲೆಲ್ಲ ಈ ತಪ್ಪಿನ ಕಥೆಯೇ ಮೊದಲು ಬರುತ್ತದೆ. ಅದರ ಹಿಂದಿನ ಹದಿನೈದು ಇಪ್ಪತ್ತು ವರ್ಷಗಳ ಮೈಮುರಿ ದುಡಿಮೆ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ದುಡಿಮೆ ಎಂಥದ್ದೆಂದು ತಿಳಿಯದಿದ್ದರೆ ಆ 0.131 ಎಷ್ಟು ಭಾರದ್ದೆಂಬುದೂ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಆ ಕ್ರೀಡೆಯ ಮಾತು.

ನೀರೊಳಗಿನ ವಿದ್ಯೆ

ಸಂಗೀತಕ್ಕೆ ತಕ್ಕಂತೆ ನೀರಿನಲ್ಲಿ ಚಲಿಸುತ್ತ, ಮುಳುಗುತ್ತ, ತಲೆಕೆಳಗಾಗಿ ನಿಂತು ಕಾಲುಗಳಿಂದ ಆಕೃತಿಗಳನ್ನು ರಚಿಸುತ್ತ ಸಾಗುವ ಸ್ಪರ್ಧೆಯನ್ನು ಸಿಂಕ್ರೊನೈಸ್ಡ್ ಈಜು ಎನ್ನುತ್ತಾರೆ. ಒಬ್ಬರೇ ಮಾಡಿದರೆ ಸೋಲೊ, ಇಬ್ಬರು ಮಾಡಿದರೆ ಡುಯೆಟ್, ಎಂಟು ಜನ ಮಾಡಿದರೆ ಟೀಮ್. ಹಲವರು ಈಜುವಾಗ ಒಬ್ಬರ ಚಲನೆ ಇನ್ನೊಬ್ಬರದರೊಂದಿಗೆ ಕೂಡಬೇಕು. ಸೋಲೊದಲ್ಲಿ ಈಜುಗಾರ್ತಿ ಕೂಡಿಕೊಳ್ಳಬೇಕಾದದ್ದು ಸಂಗೀತದೊಂದಿಗೆ. ಒಬ್ಬರೇ ಈಜುವಾಗ ಅದನ್ನು ಸಿಂಕ್ರೊನೈಸ್ಡ್ ಎನ್ನುವುದು ಹೇಗೆ ಎಂಬ ಪ್ರಶ್ನೆ ಫ್ರೆಶೆಟ್ ಕಾಲದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿತ್ತು. ಒಬ್ಬ ನರ್ತಕಿ ಮೃದಂಗದ ಜತೆ ಹೆಜ್ಜೆ ಕೂಡಿಸುವುದನ್ನು ನೋಡಿ ಬೆಳೆದ ನಮಗೆ ಆ ಪ್ರಶ್ನೆ ಏಳಬೇಕಿಲ್ಲ.

ಈ ವಿದ್ಯೆಯ ಬಹುಪಾಲು ನೋಡುಗರ ಕಣ್ಣಿಗೆ ಬೀಳುವುದಿಲ್ಲ. ಸೊಂಟದವರೆಗೆ ನೀರಿನ ಮೇಲೆದ್ದು ಎರಡೂ ಕೈ ಬೀಸಿ ನಗುತ್ತಿರುವ ಈಜುಗಾರ್ತಿ ಕೊಳದ ತಳದ ಮೇಲೆ ನಿಂತಿರುವುದಿಲ್ಲ. ತಳ ಮುಟ್ಟುವುದು ನಿಷಿದ್ಧ. ಅವಳ ಎರಡು ಕಾಲುಗಳೂ ಮಂಡಿಯಿಂದ ಕೆಳಗೆ, ಒಂದು ಒಂದು ದಿಕ್ಕಿಗೆ ಇನ್ನೊಂದು ಎದುರು ದಿಕ್ಕಿಗೆ, ಕಡಗೋಲಿನಂತೆ ನೀರನ್ನು ಕಡೆಯುತ್ತಿರುತ್ತವೆ. ಇದಕ್ಕೆ ಎಗ್‌ಬೀಟರ್ ಎಂದು ಹೆಸರು. ತಲೆ ಕೆಳಗಾಗಿ ಕಾಲು ಮೇಲೆ ಬಂದಾಗ ಭಾರ ಹೊರುವುದು ಕೈಗಳ ಪಾಲು. ಮೊಣಕೈಯನ್ನು ಪಕ್ಕೆಗೆ ಒತ್ತಿಹಿಡಿದು, ಅಂಗೈಯಿಂದ ನೀರನ್ನು ಆಚೀಚೆ ಸವರುತ್ತಲೇ ಇರಬೇಕು. ಅದು ಸ್ಕಲಿಂಗ್. ಆ ಸವರಿಕೆ ಕ್ಷಣ ತಪ್ಪಿದರೂ ಮೇಲಿನ ಕಾಲು ಗುಲಗಂಜಿಯಷ್ಟು ವಾಲುತ್ತದೆ. ತೀರ್ಪುಗಾರರು ನೋಡುವುದೇ ಆ ವಾಲನ್ನು. ಮೂಗಿಗೆ ನೀರು ನುಗ್ಗದಂತೆ ಕ್ಲಿಪ್, ಕೂದಲು ಚದುರದಂತೆ ಕರಗಿಸಿ ಹಚ್ಚಿದ ಜಿಲೆಟಿನ್, ಮುಳುಗಿದಾಗಲೂ ತಾಳ ಕೇಳುವಂತೆ ನೀರೊಳಗೆ ಇಳಿಬಿಟ್ಟ ಸ್ಪೀಕರ್. ಸಲಕರಣೆ ಇಷ್ಟೇ.

ಉಸಿರಿನ ಲೆಕ್ಕ ಬೇರೆಯೇ ಇದೆ. ಮೂರು ಮೂರೂವರೆ ನಿಮಿಷದ ಒಂದು ಸೋಲೊದಲ್ಲಿ ಈಜುಗಾರ್ತಿ ಗಣನೀಯ ಭಾಗವನ್ನು ಮುಖ ನೀರಿನಲ್ಲಿಟ್ಟೇ ಕಳೆಯುತ್ತಾಳೆ. ಕುಂಭಕದಲ್ಲಿ ಕುಳಿತ ಯೋಗಿಯ ದೇಹ ನಿಶ್ಚಲವಾಗಿರುತ್ತದೆ. ಇಲ್ಲಿ ಉಸಿರು ಕಟ್ಟಿದಷ್ಟೂ ಹೊತ್ತು ಮೈಯ ಎಲ್ಲ ಸ್ನಾಯುಗಳೂ ದುಡಿಯುತ್ತಿರುತ್ತವೆ, ಮೇಲೆ ಬಂದ ಕೂಡಲೇ ಏದುಸಿರು ಬಿಡದೆ ನಗಬೇಕು. 2022ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಅನಿಟಾ ಅಲ್ವಾರೆಜ್ ಸೋಲೊ ಮುಗಿಸಿ ಪ್ರಜ್ಞೆ ತಪ್ಪಿ ತಳಕ್ಕೆ ಇಳಿಯುತ್ತಿದ್ದಾಗ ತರಬೇತುಗಾರ್ತಿ ಆಂಡ್ರಿಯಾ ಫುಯೆಂಟಿಸ್ ಉಟ್ಟ ಬಟ್ಟೆಯಲ್ಲೇ ಹಾರಿ ಎತ್ತಿ ತಂದ ಚಿತ್ರ ಲೋಕವೆಲ್ಲ ಹರಡಿತು. ಈ ನಗುವಿಗೆ ತೆರಬೇಕಾದ ಬೆಲೆಯನ್ನು ಅನೇಕರು ಕಂಡದ್ದು ಆ ದಿನವೇ.

ಈ ಕ್ರೀಡೆಯ ಹುಟ್ಟಿಗೆ ಒಂದೇ ಊರನ್ನು ತೋರಿಸಲಾಗದು. 1907ರಲ್ಲಿ ಆಸ್ಟ್ರೇಲಿಯದ ಆನೆಟ್ ಕೆಲರ್‌ಮನ್ ನ್ಯೂಯಾರ್ಕಿನ ಹಿಪೊಡ್ರೋಮ್ ರಂಗಮಂದಿರದಲ್ಲಿ ಗಾಜಿನ ತೊಟ್ಟಿಯೊಳಗೆ ಪ್ರದರ್ಶನ ಕೊಟ್ಟು ಜನರನ್ನು ಸೆಳೆದರು. 1934ರ ಶಿಕಾಗೊ ಮೇಳದಲ್ಲಿ ಕ್ಯಾಥರೀನ್ ಕರ್ಟಿಸ್ ಅವರ ತಂಡ ಈಜಿದಾಗ ಘೋಷಕರಾಗಿದ್ದ ನಾರ್ಮನ್ ರಾಸ್ ಬಳಸಿದ ‘ಸಿಂಕ್ರೊನೈಸ್ಡ್ ಸ್ವಿಮ್ಮಿಂಗ್’ ಎಂಬ ಮಾತೇ ಹೆಸರಾಗಿ ನಿಂತಿತು. ಆಮೇಲೆ ಎಸ್ತರ್ ವಿಲಿಯಮ್ಸ್ ನಟಿಸಿದ ಹಾಲಿವುಡ್ ಚಿತ್ರಗಳು ಅದಕ್ಕೆ ಝಗಮಗ ತಂದವು. ಆದರೆ ಇದನ್ನು ನಿಯಮಬದ್ಧ ಸ್ಪರ್ಧೆಯಾಗಿ ಬೆಳೆಸಿದ ಮೊದಲ ನೆಲೆಗಳಲ್ಲಿ ಫ್ರೆಶೆಟ್ ಹುಟ್ಟಿದ ಮಾಂಟ್ರಿಯಲ್ ಕೂಡ ಒಂದು. 1920ರ ದಶಕದಲ್ಲೇ ಅಲ್ಲಿ ‘ಅಲಂಕಾರಿಕ ಈಜು’ ಎಂಬ ಹೆಸರಿನಲ್ಲಿ ಪಂದ್ಯಗಳು ನಡೆಯುತ್ತಿದ್ದವು. ಆ ಊರಿನ ಪೆಗ್ ಸೆಲ್ಲರ್ ತಾವೇ ಸ್ಪರ್ಧಿಸಿ ಗೆದ್ದವರು, ಕ್ರೀಡೆಗೆ ನಿಯಮಗಳನ್ನು ರೂಪಿಸಿದವರಲ್ಲಿ ಮೊದಲಿಗರು. ಅಂತರರಾಷ್ಟ್ರೀಯ ಈಜು ಒಕ್ಕೂಟ ‘ಫಿನಾ’ 1952ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು. 1973ರ ಬೆಲ್‌ಗ್ರೇಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸ್ಥಾನ ಸಿಕ್ಕಿತು. ಒಲಿಂಪಿಕ್ಸ್ ಬಾಗಿಲು ತೆರೆದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಆಗ ಫ್ರೆಶೆಟ್‌ಗೆ 17 ವರ್ಷ.

ಸರದಿಯ ವರ್ಷಗಳು

ಮೂರು ವರ್ಷದವರಿದ್ದಾಗಲೇ ಸಿಲ್ವಿ ತಂದೆಯನ್ನು ಕಳೆದುಕೊಂಡರು. ಬಾಲ್ಯದಲ್ಲೇ ನೀರಿಗಿಳಿದ ಇವರನ್ನು ರೂಪಿಸಿದ್ದು ಮಾಂಟ್ರಿಯಲ್‌ನ ಕ್ಯಾಮೊ ಎಂಬ ಈಜು ಕ್ಲಬ್, ಅಲ್ಲಿನ ತರಬೇತುಗಾರ್ತಿ ಜೂಲಿ ಸೋವೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಆ ನಗರಕ್ಕೆ ಒಳ್ಳೆಯ ಈಜುಕೊಳಗಳನ್ನು ಬಿಟ್ಟುಹೋಗಿತ್ತು. ಫ್ರೆಶೆಟ್ ಪೀಳಿಗೆಯ ಮಕ್ಕಳು ಬೆಳೆದದ್ದು ಆ ನೀರಿನಲ್ಲಿ. ಸೋವೆ ಮತ್ತು ಫ್ರೆಶೆಟ್ ಸಂಬಂಧ ಒಂದೆರಡು ಋತುಗಳದ್ದಲ್ಲ, ಒಂದಿಡೀ ಕ್ರೀಡಾಜೀವನದ್ದು. ಕೂಗಿ ಹೇಳಿದರೂ ನೀರೊಳಗಿನ ಕಿವಿಗೆ ತಲುಪದ ಈ ಕ್ರೀಡೆಯಲ್ಲಿ ಗುರು ದಡದಲ್ಲಿ ನಿಂತು ಏನು ಕಾಣುತ್ತಾರೆ, ಶಿಷ್ಯೆ ಒಳಗೆ ಏನು ಅನುಭವಿಸುತ್ತಾಳೆ, ಇವೆರಡೂ ಹೊಂದಿಕೊಳ್ಳುವುದಕ್ಕೇ ವರ್ಷಗಳು ಬೇಕು. ಸೋವೆ ಮುಂದೆ 2012ರ ಲಂಡನ್ ಒಲಿಂಪಿಕ್ಸ್‌ವರೆಗೂ ಕೆನಡ ತಂಡವನ್ನು ತಯಾರು ಮಾಡಿದರು. 2020ರಲ್ಲಿ ತೀರಿಕೊಂಡರು.

ಉನ್ನತ ಮಟ್ಟದ ಈಜುಗಾರ್ತಿ ದಿನಕ್ಕೆ ಆರರಿಂದ ಎಂಟು ಗಂಟೆ ತರಬೇತಿಯಲ್ಲಿ ಕಳೆಯುತ್ತಾಳೆ. ವೇಗದ ಈಜುಗಾರರಂತೆ ಕೊಳದ ಉದ್ದಗಲ ಸುತ್ತುವುದು, ಜಿಮ್ನಾಸ್ಟ್‌ಗಳಂತೆ ಮೈ ಬಾಗಿಸುವುದು, ನರ್ತಕಿಯರಂತೆ ಕನ್ನಡಿ ಎದುರು ನಿಲ್ಲುವುದು, ಆಮೇಲೆ ನೆಲದ ಮೇಲೆ ಕೈಸನ್ನೆಯಲ್ಲೇ ಇಡೀ ಸೋಲೊವನ್ನು ಎಣಿಕೆಗೆ ತಕ್ಕಂತೆ ನಡೆದು ನೋಡುವುದು. ಇಷ್ಟೆಲ್ಲ ಆದಮೇಲೆ ಫಿಗರ್‌ಗಳ ಅಭ್ಯಾಸ.

ಫಿಗರ್‌ಗಳೆಂದರೆ ಈ ವಿದ್ಯೆಯ ಸರಳೆ, ಜಂಟಿ ವರಸೆಗಳು. ಭರತನಾಟ್ಯದವರಿಗೆ ಹೇಳುವುದಾದರೆ ಅಡವುಗಳು. ಬಾರ್ರಾಕುಡಾ, ಫ್ಲೆಮಿಂಗೊ, ಆಲ್ಬಟ್ರಾಸ್ ಎಂದು ಮೀನು ಹಕ್ಕಿಗಳ ಹೆಸರು ಹೊತ್ತ, ಪ್ರತಿ ಕೋನವನ್ನೂ ಪುಸ್ತಕದಲ್ಲಿ ನಿಗದಿ ಮಾಡಿದ ಭಂಗಿಗಳ ಸರಣಿಗಳು ಅವು. ಸಂಗೀತ ಕಲಿಯುವವರು ವರಸೆಗಳನ್ನು ಮನೆಯಲ್ಲಿ ಹಾಡಿ ಮುಗಿಸುತ್ತಾರೆ, ಕಛೇರಿಯಲ್ಲಿ ಯಾರೂ ಅವುಗಳಿಗೆ ಅಂಕ ಹಾಕುವುದಿಲ್ಲ. ಆದರೆ ಫ್ರೆಶೆಟ್ ಕಾಲದ ಸೋಲೊ ಸ್ಪರ್ಧೆಯಲ್ಲಿ ಕಡ್ಡಾಯ ಫಿಗರ್‌ಗಳದ್ದೇ ಅರ್ಧ ಭಾಗ. ಯಾವ ಫಿಗರ್‌ಗಳೆಂಬುದು ಸ್ಪರ್ಧೆಗೆ ಸ್ವಲ್ಪ ಮೊದಲಷ್ಟೇ ಚೀಟಿ ಎತ್ತಿ ತೀರ್ಮಾನವಾಗುತ್ತಿತ್ತು. ಎಲ್ಲರಿಗೂ ಒಂದೇ ಕಪ್ಪು ಈಜುಡುಗೆ, ಒಂದೇ ಬಿಳಿ ಟೋಪಿ. ಸಂಗೀತವಿಲ್ಲ, ಬಣ್ಣವಿಲ್ಲ, ಪ್ರೇಕ್ಷಕರಿಗೆ ಅಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲ. ಒಬ್ಬೊಬ್ಬಳೂ ತೀರ್ಪುಗಾರರ ಎದುರು ಬಂದು, ನಿಧಾನವಾಗಿ ಮುಳುಗಿ, ಆಕೃತಿ ತೋರಿಸಿ, ಹೋಗಬೇಕು. ಯಾರು ಯಾವ ದೇಶದವರೆಂಬ ಪಕ್ಷಪಾತ ತಗ್ಗಲಿ ಎಂಬ ಉದ್ದೇಶವೂ ಆ ಏಕರೂಪದ ಉಡುಪಿನಲ್ಲಿತ್ತು. ಬಾರ್ಸಿಲೋನಾದಲ್ಲಿ ಫ್ರೆಶೆಟ್‌ಗೆ ಪೆಟ್ಟು ಬಿದ್ದದ್ದು ಕ್ರೀಡೆಯ ಈ ಅತ್ಯಂತ ಮೌನದ, ಅತ್ಯಂತ ನಿಷ್ಪಕ್ಷಪಾತ ಎನಿಸಿಕೊಂಡ ಭಾಗದಲ್ಲಿಯೇ.

ಸೋಲೊದಲ್ಲಿ ಒಂದು ದೇಶಕ್ಕೆ ಒಂದೇ ಸ್ಥಾನ. ಈ ನಿಯಮದಿಂದಾಗಿ ಸೋಲೊ ಈಜುಗಾರ್ತಿಯ ಬದುಕು ತನ್ನ ದೇಶದಲ್ಲಿ ತನಗಿಂತ ಮುಂದೆ ಇರುವವಳ ಬದುಕಿಗೆ ಕಟ್ಟಿಕೊಂಡಿರುತ್ತದೆ. ಫ್ರೆಶೆಟ್ ಮುಂದೆ ಇದ್ದವರು ಕೆರೊಲಿನ್ ವಾಲ್ಡೊ. 1984ರಲ್ಲಿ ಅಮೆರಿಕದ ಟ್ರೇಸಿ ರೂಯಿಜ್‌ಗೆ ಸೋತು ಬೆಳ್ಳಿ ಪಡೆದಿದ್ದ ವಾಲ್ಡೊ, 1986ರ ಮ್ಯಾಡ್ರಿಡ್ ವಿಶ್ವ ಚಾಂಪಿಯನ್‌ಷಿಪ್ ಗೆದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಸೋಲೊ ಚಿನ್ನವನ್ನೂ ಮಿಶೆಲ್ ಕ್ಯಾಮರನ್ ಜತೆ ಡುಯೆಟ್ ಚಿನ್ನವನ್ನೂ ಒಯ್ದರು. ಬೇರೆ ಯಾವ ದೇಶದಲ್ಲಿ ಹುಟ್ಟಿದ್ದರೂ ಫ್ರೆಶೆಟ್ ಸೋಲ್‌ನ ಕೊಳಕ್ಕೆ ಇಳಿಯುತ್ತಿದ್ದರೇನೋ. ಅಷ್ಟರಲ್ಲಾಗಲೇ ಇವರು 1986ರಲ್ಲಿ ಎಡಿನ್‌ಬರೊದಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ ಸೋಲೊ ಚಾಂಪಿಯನ್ ಆಗಿದ್ದರು. ಸಿಂಕ್ರೊನೈಸ್ಡ್ ಈಜು ಕಾಮನ್‌ವೆಲ್ತ್ ಪಟ್ಟಿಗೆ ಸೇರಿದ್ದೇ ಆ ವರ್ಷ. (ಕೊನೆಯ ಬಾರಿಗೆ ಅದು ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಡೆದದ್ದು 2010ರಲ್ಲಿ, ನಮ್ಮ ದೆಹಲಿಯಲ್ಲಿ. ಅಂದೂ ಸೋಲೊ, ಡುಯೆಟ್ ಚಿನ್ನಗಳೆರಡೂ ಕೆನಡದವರ ಪಾಲಾದವು. ಆತಿಥೇಯ ಭಾರತದ ಈಜುಗಾರ್ತಿಯರೂ ಕಣದಲ್ಲಿದ್ದರು.)

ಸೋಲ್ ನಂತರ ವಾಲ್ಡೊ ನಿವೃತ್ತರಾದರು. ಫ್ರೆಶೆಟ್ ಸರದಿ ಬಂತು. 1990ರಲ್ಲಿ ಆಕ್ಲೆಂಡ್‌ನಲ್ಲಿ ಕಾಮನ್‌ವೆಲ್ತ್ ಸೋಲೊ ಚಿನ್ನವನ್ನು ಮತ್ತೆ ಗೆದ್ದರು. ಮರುವರ್ಷ ಜನವರಿಯಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಅಲ್ಲಿ ತೀರ್ಪುಗಾರರು ಇವರಿಗೆ ಏಳು ಬಾರಿ ಪೂರ್ಣ 10 ಅಂಕ ಕೊಟ್ಟರು. ಒಟ್ಟು ಅಂಕ 201.013. ಅಂದಿನ ಪದ್ಧತಿಯಲ್ಲಿ 200 ದಾಟುವುದೇ ಅಪರೂಪ. ಸೋಲ್‌ನಲ್ಲಿ ವಾಲ್ಡೊ ಚಿನ್ನ ಗೆದ್ದಾಗಿನ ಮೊತ್ತ 200.150. ಫ್ರೆಶೆಟ್‌ಗೆ ಆಗ 23 ವರ್ಷ. ಒಲಿಂಪಿಕ್ಸ್‌ಗೆ ಉಳಿದದ್ದು ಹದಿನೆಂಟು ತಿಂಗಳು, ಸೋಲೊ ಚಿನ್ನಕ್ಕೆ ಇವರೇ ಮೊದಲ ಹೆಸರು.

ಬಾರ್ಸಿಲೋನಾ, 1992

ಒಲಿಂಪಿಕ್ಸ್ ಆರಂಭವಾಗಲು ಒಂದು ವಾರ ಉಳಿದಿದ್ದಾಗ, ಫ್ರೆಶೆಟ್ ಮದುವೆಯಾಗಬೇಕಿದ್ದ ಸಿಲ್ವಾನ್ ಲೇಕ್ ಮಾಂಟ್ರಿಯಲ್‌ನ ಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಲೇಕ್ ಸ್ವತಃ ಅಥ್ಲೀಟ್ ಆಗಿದ್ದವರು. ಮನೆಗೆ ಮರಳಿದ ಫ್ರೆಶೆಟ್ ಆ ಸಾವನ್ನು ಎದುರುಗೊಂಡರು. ಅದಾದ ಕೆಲವೇ ದಿನಗಳಲ್ಲಿ ಬಾರ್ಸಿಲೋನಾಕ್ಕೆ ವಿಮಾನ ಹತ್ತಿದರು. ಆಗಿನ ಪತ್ರಿಕೆಗಳು ಈ ನಿರ್ಧಾರದ ಬಗ್ಗೆ ಬಹಳ ಬರೆದವು. ಧೈರ್ಯವೆಂದು ಕೊಂಡಾಡಿದ್ದೇ ಹೆಚ್ಚು. ಒಬ್ಬ ಹೆಣ್ಣಿನ ಎದೆಯೊಳಗಿನ ಆ ದಿನಗಳನ್ನು ಒಂದು ಪದದಲ್ಲಿ ತೂಗುವುದು ಈ ಲೇಖನಕ್ಕೆ ಸಾಧ್ಯವಿಲ್ಲ. ಹದಿನೈದು ವರ್ಷಗಳಿಂದ ದಿನದ ಬಹುಪಾಲು ಹೊತ್ತನ್ನು ನೀರಿನಲ್ಲೇ ಕಳೆದವರಿಗೆ ಆ ಹೊತ್ತಿನಲ್ಲಿ ಪರಿಚಿತವಾಗಿ ಉಳಿದಿದ್ದ ಜಾಗ ಅದೊಂದೇ ಆಗಿತ್ತೇನೋ ಎಂದಷ್ಟೇ ಹೇಳಬಹುದು.

ಸಿಂಕ್ರೊನೈಸ್ಡ್ ಈಜು ನಡೆದದ್ದು ಮೊಂಜುಯಿಕ್ ಗುಡ್ಡದ ಮೇಲಿನ ಬೆರ್ನಾಟ್ ಪಿಕೊರ್ನೆಲ್ ಕೊಳದಲ್ಲಿ. ಮೊದಲು ಕಡ್ಡಾಯ ಫಿಗರ್‌ಗಳು. ಫ್ರೆಶೆಟ್ ಮಾಡಿದ ಫಿಗರ್‌ಗಳಲ್ಲೊಂದು ಆಲ್ಬಟ್ರಾಸ್, ಕೊನೆಗೆ ಮೇಲೇರುವ ಅರ್ಧ ಸುತ್ತು. ಅಂದರೆ ತಲೆ ಕೆಳಗಾಗಿ ಮುಳುಗಿದ ದೇಹ ಕಾಲ ತುದಿಯಿಂದ ಮೇಲೆ ಬರುತ್ತ ಬರುತ್ತಲೇ 180 ಡಿಗ್ರಿ ತಿರುಗಿ, ನೆಟ್ಟಗೆ ನಿಲ್ಲಬೇಕು. ಅದನ್ನು ಅವರು ಚೆನ್ನಾಗಿಯೇ ಮಾಡಿದರು. ಬ್ರೆಜಿಲ್‌ನ ತೀರ್ಪುಗಾರ್ತಿ ಮನಸ್ಸಿನಲ್ಲಿ ಕೊಟ್ಟ ಅಂಕ 9.7. ಯಂತ್ರದಲ್ಲಿ ಒತ್ತಿದ್ದು 8.7. ತಪ್ಪು ತಕ್ಷಣ ಅವರಿಗೇ ಗೊತ್ತಾಯಿತು. ಸರಿಪಡಿಸಲು ಗುಂಡಿಗಳನ್ನು ಮತ್ತೆ ಒತ್ತಿದರು, ಯಂತ್ರ ಒಪ್ಪಲಿಲ್ಲ. ಪಕ್ಕದಲ್ಲಿದ್ದ ಜಪಾನಿನ ಸಹಾಯಕ ರೆಫರಿಗೆ ಹೇಳಲು ಯತ್ನಿಸಿದರು. ಪೋರ್ಚುಗೀಸ್ ಮಾತೃಭಾಷೆಯವರೊಬ್ಬರು ಜಪಾನಿ ಮಾತೃಭಾಷೆಯವರಿಗೆ ಆತುರದ ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಅಂಕ ಫಲಕದ ಮೇಲೆ ಮೂಡಿಯಾಗಿತ್ತು. ಒಮ್ಮೆ ಪ್ರಕಟವಾದ ಅಂಕವನ್ನು ಬದಲಿಸುವಂತಿಲ್ಲ ಎಂದು ಮುಖ್ಯ ರೆಫರಿ ತೀರ್ಮಾನಿಸಿದರು. ಕೆನಡ ತಂಡ ಕೊಟ್ಟ ದೂರನ್ನು ಫಿನಾ ತಳ್ಳಿಹಾಕಿತು.

ಇಲ್ಲಿ ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಫಿಗರ್‌ಗಳು ಮುಗಿದಾಗ ಅಮೆರಿಕದ ಕ್ರಿಸ್ಟನ್ ಬ್ಯಾಬ್ ಸ್ಪ್ರೇಗ್ ಅವರ ಅಂಕ 92.808, ಫ್ರೆಶೆಟ್ ಅವರದು 92.557. ಅಂತರ 0.251. ಮುಂದಿನ ಸಂಗೀತದ ಭಾಗದಲ್ಲಿ ಫ್ರೆಶೆಟ್ 99.160 ಪಡೆದರು, ಬ್ಯಾಬ್ ಸ್ಪ್ರೇಗ್ 99.040. ಅಂದರೆ ಪ್ರೇಕ್ಷಕರೆದುರು, ಸಂಗೀತದೊಂದಿಗೆ, ಮೂರೂಚಿಲ್ಲರೆ ನಿಮಿಷದಲ್ಲಿ ಫ್ರೆಶೆಟ್ 0.120 ಅಂಕ ಮರಳಿ ಗಳಿಸಿದರು. ಅಂತಿಮ ಮೊತ್ತ ಬ್ಯಾಬ್ ಸ್ಪ್ರೇಗ್ 191.848, ಫ್ರೆಶೆಟ್ 191.717. ನೂರಕ್ಕೆ ನೂರರ ಹತ್ತಿರ ಎಲ್ಲರೂ ಅಂಕ ಪಡೆಯುವ ಆ ಹಂತದಲ್ಲಿ, ಇನ್ನೂ 0.131 ಅಂಕ ಹೆಚ್ಚಿಗೆ ಗಳಿಸಲು ಸಂಗೀತದ ಭಾಗದಲ್ಲಿ ಜಾಗ ಬಹಳ ಕಡಿಮೆ ಇತ್ತೆನ್ನಬೇಕು. ಕಂಚು ಗೆದ್ದ ಜಪಾನಿನ ಫುಮಿಕೊ ಒಕುನೊ 187.056 ಅಂಕದೊಂದಿಗೆ ಬಹಳ ಹಿಂದೆ ಉಳಿದಿದ್ದರು. ಸ್ಪರ್ಧೆ ಇದ್ದದ್ದು ಇಬ್ಬರ ನಡುವೆ.

ಈ ಸೋಲೊ ಈಜುವಾಗ ಫ್ರೆಶೆಟ್‌ಗೆ ಫಿಗರ್‌ಗಳಲ್ಲಿ ಏನಾಗಿದೆ ಎಂದು ಗೊತ್ತಿತ್ತು. ಶೋಕ ಒಂದು ಕಡೆ, ಅನ್ಯಾಯ ಇನ್ನೊಂದು ಕಡೆ. ಇವೆರಡನ್ನೂ ಹೊತ್ತು ನೀರಿಗಿಳಿದವರು ಆ ದಿನ ಕೊಳದಲ್ಲಿದ್ದ ಎಲ್ಲರಿಗಿಂತ ಹೆಚ್ಚು ಅಂಕ ಪಡೆದರು. ಅವರ ಕ್ರೀಡಾಜೀವನದ ಶಿಖರ ಯಾವುದೆಂದು ಕೇಳಿದರೆ ಹಲವರು ಪರ್ತ್‌ನ ಏಳು ಹತ್ತುಗಳನ್ನು ತೋರಿಸುತ್ತಾರೆ. ನನ್ನ ತೀರ್ಮಾನದಲ್ಲಿ ಅದು ಬಾರ್ಸಿಲೋನಾದ 99.160. ಪದಕ ಪ್ರದಾನದಲ್ಲಿ ಅವರು ಬೆಳ್ಳಿ ಕೊರಳಿಗೆ ಹಾಕಿಸಿಕೊಂಡರು.

ಬ್ಯಾಬ್ ಸ್ಪ್ರೇಗ್ ಕುರಿತು ಒಂದು ಮಾತು ಹೇಳಲೇಬೇಕು. ಈ ಪ್ರಕರಣದಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ. ತಮಗೆ ಸಿಕ್ಕ ಅಂಕಗಳನ್ನು ತಮ್ಮ ಈಜಿನಿಂದಲೇ ಗಳಿಸಿದವರು ಅವರು. ಅವರ ಪತಿ ಎಡ್ ಸ್ಪ್ರೇಗ್ ಆಗ ಕೆನಡದ ಬೇಸ್‌ಬಾಲ್ ತಂಡವಾದ ಟೊರಾಂಟೊ ಬ್ಲೂ ಜೇಸ್‌ನ ಆಟಗಾರ. ಅದೇ ವರ್ಷದ ಅಕ್ಟೋಬರ್‌ನಲ್ಲಿ ವರ್ಲ್ಡ್ ಸೀರೀಸ್‌ನ ಎರಡನೆಯ ಪಂದ್ಯವನ್ನು ಅವರ ಹೊಡೆತ ಗೆದ್ದುಕೊಟ್ಟಾಗ ಕೆನಡವೇ ಕುಣಿದಾಡಿತು. ಆ ದಂಪತಿಗಳ ಮನೆಯಲ್ಲಿ ಆ ವರ್ಷ ಹೇಗೆ ಕಳೆದಿರಬಹುದೆಂದು ಊಹಿಸಿಕೊಳ್ಳಬಹುದು.

ಎರಡನೆಯ ಚಿನ್ನ

ಪ್ರಕರಣ ಅಲ್ಲಿಗೆ ಮುಗಿಯದಂತೆ ನೋಡಿಕೊಂಡವರು ಡಿಕ್ ಪೌಂಡ್. ಮಾಂಟ್ರಿಯಲ್‌ನ ವಕೀಲರಾದ ಇವರು ಆಗ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪ್ರಭಾವಿ ಸದಸ್ಯರಾಗಿದ್ದರು. ಸ್ವತಃ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಈಜಿದವರು. ಅಂಕ ತಪ್ಪಾಗಿ ದಾಖಲಾದದ್ದನ್ನು ತೀರ್ಪುಗಾರ್ತಿಯೇ ಒಪ್ಪಿಕೊಂಡಿದ್ದರಿಂದ ಇಲ್ಲಿ ಅಭಿಪ್ರಾಯಭೇದದ ಪ್ರಶ್ನೆ ಬರಲಿಲ್ಲ. ತೀರ್ಪುಗಾರರ ರುಚಿಯನ್ನು ಪ್ರಶ್ನಿಸುವುದು ಬೇರೆ, ಅವರು ಕೊಡಲು ಬಯಸಿದ ಅಂಕವನ್ನೇ ದಾಖಲಿಸಿ ಎನ್ನುವುದು ಬೇರೆ. ಪೌಂಡ್ ಹಿಡಿದದ್ದು ಎರಡನೆಯ ಹಾದಿ. ಒಂದು ವರ್ಷಕ್ಕೂ ಹೆಚ್ಚು ಕಾಲದ ಪತ್ರವ್ಯವಹಾರ, ಮಾತುಕತೆಗಳ ನಂತರ 1993ರಲ್ಲಿ ಫಿನಾ ಮಣಿಯಿತು, ಒಲಿಂಪಿಕ್ ಸಮಿತಿ ಒಪ್ಪಿತು. ಬ್ಯಾಬ್ ಸ್ಪ್ರೇಗ್ ಅವರ ಚಿನ್ನವನ್ನು ಹಿಂಪಡೆಯದೆ ಫ್ರೆಶೆಟ್‌ಗೂ ಚಿನ್ನ ಕೊಡುವುದೆಂದು ತೀರ್ಮಾನವಾಯಿತು. ದಾಖಲೆಗಳಲ್ಲಿ ಇಂದು 1992ರ ಸೋಲೊಗೆ ಇಬ್ಬರು ಚಾಂಪಿಯನ್ನರಿದ್ದಾರೆ, ಬೆಳ್ಳಿಯ ಸ್ಥಾನ ಖಾಲಿ, ಒಕುನೊ ಅವರ ಕಂಚು ಇದ್ದಲ್ಲೇ ಇದೆ.

1993ರ ಡಿಸೆಂಬರ್‌ನಲ್ಲಿ ಮಾಂಟ್ರಿಯಲ್ ಫೋರಂನಲ್ಲಿ ಪದಕ ಪ್ರದಾನ ನಡೆಯಿತು. ಐಸ್ ಹಾಕಿಯ ಗುಡಿಯೆಂದೇ ಕೆನಡದವರು ಭಾವಿಸುವ ಕ್ರೀಡಾಂಗಣ ಅದು. ಊರಿನ ಜನರ ನಡುವೆ, ಕೆನಡದ ರಾಷ್ಟ್ರಗೀತೆಯೊಂದಿಗೆ ಫ್ರೆಶೆಟ್ ಕೊರಳಿಗೆ ಚಿನ್ನ ಬಿತ್ತು. ಸಂತೋಷದ ದಿನವೇ. ಆದರೆ ಸ್ಪರ್ಧೆ ಮುಗಿದ ಗಳಿಗೆಯಲ್ಲಿ, ಮೈ ಇನ್ನೂ ಒದ್ದೆಯಿರುವಾಗ, ಸೋತವರೂ ಗೆದ್ದವರೂ ಒಂದೇ ಕಟ್ಟೆಯ ಮೇಲೆ ನಿಂತು ಕೇಳುವ ರಾಷ್ಟ್ರಗೀತೆ ಬೇರೆ. ಅದನ್ನು ಯಾವ ಸಮಿತಿಯೂ ಹಿಂದಿರುಗಿಸಿ ಕೊಡಲಾರದು.

ಒಲಿಂಪಿಕ್ ಇತಿಹಾಸದಲ್ಲಿ ಇದು ಒಂಟಿ ಉದಾಹರಣೆಯಾಗಿ ಉಳಿಯಲಿಲ್ಲ. 2002ರ ಸಾಲ್ಟ್ ಲೇಕ್ ಸಿಟಿ ಚಳಿಗಾಲದ ಒಲಿಂಪಿಕ್ಸ್‌ನ ಫಿಗರ್ ಸ್ಕೇಟಿಂಗ್‌ನಲ್ಲಿ ಕೆನಡದವರೇ ಆದ ಜೇಮಿ ಸಾಲೆ, ಡೇವಿಡ್ ಪೆಲ್ಟಿಯೆ ಜೋಡಿಗೆ ತೀರ್ಪಿನ ವಿವಾದದ ನಂತರ ಎರಡನೆಯ ಚಿನ್ನ ಕೊಡಲಾಯಿತು. ಅಲ್ಲಿ ಆರೋಪ ಇದ್ದದ್ದು ಒತ್ತಡಕ್ಕೆ ಮಣಿದ ತೀರ್ಪಿನ ಬಗ್ಗೆ. ನ್ಯಾಯ ಸಿಕ್ಕಿದ್ದು ವಾರದೊಳಗೆ. ಫ್ರೆಶೆಟ್ ಪ್ರಕರಣದಲ್ಲಿ ಯಾರ ದುರುದ್ದೇಶವೂ ಇರಲಿಲ್ಲ, ಆದರೂ ಕಾಯಬೇಕಾಗಿ ಬಂತು.

ನಂತರದ ಬದುಕು

ಬಾರ್ಸಿಲೋನಾ ನಂತರ ಸೋಲೊ ಈಜುಗಾರ್ತಿಗೆ ಒಲಿಂಪಿಕ್ಸ್‌ನಲ್ಲಿ ಜಾಗವೇ ಉಳಿಯಲಿಲ್ಲ. 1996ರ ಅಟ್ಲಾಂಟಾಕ್ಕೆ ಸೋಲೊ, ಡುಯೆಟ್ ಎರಡನ್ನೂ ಕೈಬಿಟ್ಟು ಟೀಮ್ ಸ್ಪರ್ಧೆಯನ್ನು ಮಾತ್ರ ಇಟ್ಟರು. ಹಾಗಾಗಿ ಒಲಿಂಪಿಕ್ಸ್‌ನ ಕಟ್ಟಕಡೆಯ ಸೋಲೊ ಚಾಂಪಿಯನ್ನರು ಫ್ರೆಶೆಟ್ ಮತ್ತು ಬ್ಯಾಬ್ ಸ್ಪ್ರೇಗ್. ಇಪ್ಪತ್ತಾರರ ಫ್ರೆಶೆಟ್ ನಿವೃತ್ತಿ ಹೊಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ತಂಡಕ್ಕೆ ಮರಳಿದರು. ಒಬ್ಬರೇ ಕೊಳವನ್ನು ತುಂಬಿ ಅಭ್ಯಾಸವಾದವರಿಗೆ ಎಂಟು ಜನರ ಸಾಲಿನಲ್ಲಿ ಒಬ್ಬರಾಗುವುದು ಸುಲಭವಲ್ಲ. ಸೋಲೊದಲ್ಲಿ ಶೈಲಿ ಎನಿಸಿಕೊಂಡದ್ದು ತಂಡದಲ್ಲಿ ದೋಷವಾಗುತ್ತದೆ, ಕೈ ಎಲ್ಲರಿಗಿಂತ ಒಂದು ಬೆರಳು ಎತ್ತರಕ್ಕೆ ಹೋದರೂ ಅಂಕ ಹೋಯಿತು. 29ನೆಯ ವಯಸ್ಸಿನಲ್ಲಿ, ತಮಗಿಂತ ಎಷ್ಟೋ ಕಿರಿಯರ ಜತೆ ಈಜಿ ಅವರು ಅಟ್ಲಾಂಟಾದಲ್ಲಿ ಬೆಳ್ಳಿ ಗೆದ್ದರು. ಚಿನ್ನ ಅಮೆರಿಕಕ್ಕೆ, ಕಂಚು ಜಪಾನಿಗೆ ಸಂದಿತು. ಈ ಬೆಳ್ಳಿಯ ಬಗ್ಗೆ ಬರೆದವರು ಕಡಿಮೆ. ಇವರ ಸ್ವಭಾವವನ್ನು ಅರಿಯಬೇಕಾದರೆ ಅದನ್ನು ಬಿಟ್ಟು ಮುಂದೆ ಹೋಗಲಾಗದು.

ಆಮೇಲೆ ಸ್ಪರ್ಧೆಗಳಿಂದ ದೂರ ಸರಿದರು. ಕ್ವಿಬೆಕ್‌ನಲ್ಲೇ ಹುಟ್ಟಿದ ಸರ್ಕಸ್ ಸಂಸ್ಥೆ ‘ಸರ್ಕ್ ದು ಸೊಲೇ’ ಆಗ ಅಮೆರಿಕದ ಲಾಸ್ ವೇಗಸ್‌ನಲ್ಲಿ, ನೀರನ್ನೇ ರಂಗಸ್ಥಳ ಮಾಡಿಕೊಂಡ ಪ್ರದರ್ಶನವೊಂದನ್ನು ಕಟ್ಟುತ್ತಿತ್ತು. ಅದರ ಹೆಸರು ‘ಓ’. ಫ್ರೆಂಚಿನಲ್ಲಿ ನೀರು ಎಂಬ ಪದದ ಉಚ್ಚಾರಣೆಯೂ ಅದೇ. ನಿರ್ದೇಶನ ಫ್ರಾಂಕೊ ಡ್ರಾಗೋನ್ ಅವರದು. ಸುಮಾರು 57 ಲಕ್ಷ ಲೀಟರ್ ನೀರಿನ ಕೊಳ, ಬೇಕೆಂದಾಗ ಮೇಲೆದ್ದು ನೆಲವಾಗಿ, ಬೇಡವೆಂದಾಗ ಮುಳುಗಿ ಕೊಳವಾಗುವ ರಂಗ. 1998ರಲ್ಲಿ ಬೆಲಾಜಿಯೊ ಹೋಟೆಲ್‌ನಲ್ಲಿ ಆರಂಭವಾದ ಆ ಪ್ರದರ್ಶನದ ಈಜುಗಾರರನ್ನು ಸಜ್ಜುಗೊಳಿಸಿದವರಲ್ಲಿ ಫ್ರೆಶೆಟ್ ಮುಖ್ಯರು. ನಿವೃತ್ತ ಈಜುಗಾರರಿಗೆ ಸಂಬಳದ ಉದ್ಯೋಗ ಸಿಗುವ ಹೊಸ ದಾರಿಯನ್ನೇ ‘ಓ’ ತೆರೆಯಿತು. ಒಲಿಂಪಿಕ್ಸ್‌ಗೆ ಹೋಗಲು ಗಂಡಸರಿಗೆ ಅವಕಾಶವಿರದ ಕಾಲದಲ್ಲಿ ಅಮೆರಿಕದ ಬಿಲ್ ಮೇ ವರ್ಷಗಟ್ಟಲೆ ಈಜಿದ್ದೂ ಅಲ್ಲಿಯೇ.

2003ರಲ್ಲಿ ಅಂತರರಾಷ್ಟ್ರೀಯ ಈಜು ಹಾಲ್ ಆಫ್ ಫೇಮ್ ಇವರನ್ನು ಸೇರಿಸಿಕೊಂಡಿತು. ಕ್ವಿಬೆಕ್‌ಗೆ ಹಿಂದಿರುಗಿ, ಮಾಂಟ್ರಿಯಲ್‌ನ ಉತ್ತರಕ್ಕಿರುವ ಸೇಂಟ್ ಜೆರೋಮ್ ಭಾಗದಲ್ಲಿ ನೆಪ್ಚೂನ್ ಎಂಬ ಕ್ಲಬ್ ನಡೆಸಿ ಮಕ್ಕಳಿಗೆ ಕಲಿಸತೊಡಗಿದರು. 2019ರ ಕೆನಡದ ಸಂಸತ್ ಚುನಾವಣೆಯಲ್ಲಿ ಅದೇ ಪ್ರದೇಶದ ರಿವಿಯೇರ್ ದು ನಾರ್ ಕ್ಷೇತ್ರದಿಂದ ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿಯಾಗಿದ್ದರು. ಗೆದ್ದದ್ದು ಬ್ಲಾಕ್ ಕೆಬೆಕ್ವಾ ಪಕ್ಷ.

ಅವರು ಸ್ಪರ್ಧಿಸಿದ ಕ್ರೀಡೆ ಈ ನಡುವೆ ಗುರುತು ಸಿಗದಷ್ಟು ಬದಲಾಗಿದೆ. ಒಲಿಂಪಿಕ್ಸ್‌ನಲ್ಲಿ ಕಡ್ಡಾಯ ಫಿಗರ್‌ಗಳ ಸ್ಥಾನಕ್ಕೆ 1996ರಿಂದ, ನಿಗದಿತ ಅಂಶಗಳನ್ನು ಸಂಗೀತದೊಂದಿಗೇ ತೋರಿಸುವ ಟೆಕ್ನಿಕಲ್ ರುಟೀನ್ ಬಂತು. 2000ದ ಸಿಡ್ನಿಯಲ್ಲಿ ಡುಯೆಟ್ ಮರಳಿತು, ಸೋಲೊ ಮರಳಲಿಲ್ಲ. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಮಾತ್ರ ಅದು ಇನ್ನೂ ಇದೆ. ಗಂಡು ಹೆಣ್ಣು ಕೂಡಿ ಈಜುವ ಮಿಶ್ರ ಡುಯೆಟ್ 2015ರಲ್ಲಿ ಕಜಾನ್‌ನಲ್ಲಿ ಶುರುವಾಯಿತು. 2017ರಲ್ಲಿ ಕ್ರೀಡೆಯ ಹೆಸರೇ ‘ಆರ್ಟಿಸ್ಟಿಕ್ ಸ್ವಿಮ್ಮಿಂಗ್’ ಎಂದಾಯಿತು. 2024ರ ಪ್ಯಾರಿಸ್ ತಂಡಗಳಿಗೆ ಗಂಡಸರನ್ನು ಸೇರಿಸಿಕೊಳ್ಳಲು ಅನುಮತಿ ಇತ್ತು, ಯಾವ ದೇಶವೂ ಸೇರಿಸಿಕೊಳ್ಳಲಿಲ್ಲ. ಅಂಕ ಹಾಕುವ ರೀತಿಯೂ ಹೊಸದು. ಈಗ ಯಾವ ಚಲನೆ, ಎಷ್ಟು ಕಷ್ಟದ್ದು ಎಂದು ತಂಡ ಮೊದಲೇ ಬರೆದುಕೊಡಬೇಕು. ಬರೆದದ್ದನ್ನು ಮಾಡಿ ತೋರಿಸಿದರೇ ಇಲ್ಲವೇ ಎಂದು ನೋಡಲು ಪ್ರತ್ಯೇಕ ನಿಯಂತ್ರಕರು ಇರುತ್ತಾರೆ. ಅನುಮಾನ ಬಂದರೆ ವಿಡಿಯೊ ಮತ್ತೆ ನೋಡುತ್ತಾರೆ.

ಫಿಗರ್‌ಗಳು ಮಾತ್ರ ಪೂರ್ತಿ ಮಾಯವಾಗಿಲ್ಲ. ಕಿರಿಯ ವಯಸ್ಸಿನವರ ಸ್ಪರ್ಧೆಗಳಲ್ಲಿ ಅವು ಹಾಗೆಯೇ ಉಳಿದಿವೆ. ಹತ್ತು ಹನ್ನೆರಡು ವರ್ಷದ ಮಕ್ಕಳು ಕಪ್ಪು ಈಜುಡುಗೆ ತೊಟ್ಟು, ಬಿಳಿ ಟೋಪಿ ಧರಿಸಿ, ಒಬ್ಬೊಬ್ಬರಾಗಿ ತೀರ್ಪುಗಾರರ ಎದುರಿಗೆ ಬರುತ್ತಾರೆ. ಸಂಗೀತವಿಲ್ಲದ ಆ ಮೌನದಲ್ಲಿ ಮುಳುಗಿ ಕಾಲು ಮೇಲೆತ್ತುತ್ತಾರೆ.